ಪೊಲೀಸರಿಗೆ ಪಾಠ ಹೇಳುವವರು

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಶಾಂತಿಗ್ರಾಮ ಸಿಗುತ್ತದೆ. ಅಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಕಾನ್‌ಸ್ಟೆಬಲ್‌ಗಳಾಗಿ ಆಯ್ಕೆಯಾದವರು ಇಂಥ ಶಾಲೆಗಳಲ್ಲಿ ಕಲಿತು ಠಾಣೆಗೆ ಹೋಗುತ್ತಾರೆ. ಪಿಎಸ್‌ಐ, ಡಿವೈಎಸ್‌ಪಿಗಳಿಗೆ ಮೈಸೂರಿನಲ್ಲಿ ಕರ್ನಾಟಕ ಪೊಲೀಸ್ ಅಕಾಡೆಮಿ ಇದೆ. ಐಪಿಎಸ್ ಅಧಿಕಾರಿಗಳು ಹೈದರಾಬಾದಿನ ರಾಷ್ಟ್ರೀಯ ಅಕಾಡೆಮಿಯಲ್ಲಿ ಕಲಿಯುತ್ತಾರೆ.

ಅಲ್ಲಿ ಕಲಿಸುವವರಲ್ಲಿ ಹಲವರು ಇಲಾಖೆಯಲ್ಲೇ ವರ್ಷಗಟ್ಟಲೆ ದುಡಿದವರು. ಕವಾಯತು, ಬಂದೂಕು ಕಲಿಸಲು ಸಶಸ್ತ್ರ ಪಡೆಯವರು. ತನಿಖೆ ಕಲಿಸಲು ಠಾಣೆ ನಡೆಸಿದ ಅನುಭವಿಗಳು.

ಅವರೂ ಮತ್ತೆ ಓದಬೇಕಾಯಿತು. 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಮ್ಮ ಮನೆಗಳಲ್ಲಿ ಮೋಸಗಾರನಿಗೆ ‘ಚಾರ್ ಸೌ ಬೀಸ್’ ಎನ್ನುತ್ತೇವೆ. ಆ 420 ಈಗ 318. ಕೊಲೆಯ 302 ಈಗ 103.

ಇದರಿಂದ ನಮಗೇನು? ಹೊಳೆನರಸೀಪುರದವರೊಬ್ಬರು ಅರಕಲಗೂಡಿನಲ್ಲಿ ಮೋಸ ಹೋದರೆ ತಮ್ಮೂರ ಠಾಣೆಯಲ್ಲೇ ದೂರು ಕೊಡಬಹುದು. ‘ಅದು ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸ್ ಕಳುಹಿಸುವಂತಿಲ್ಲ. ಇದನ್ನು ‘ಝೀರೋ ಎಫ್‌ಐಆರ್’ ಎನ್ನುತ್ತಾರೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಠಾಣೆಯಲ್ಲಿ ಎದುರಿಗೆ ಕುಳಿತವರಿಗೂ ಗೊತ್ತಿರಬೇಕು.

ತರಬೇತಿಗೆ ವರ್ಗವಾದರೆ ಮೂಲೆಗೆ ಹಾಕಿದರು ಎನ್ನುವವರಿದ್ದಾರೆ. ಆದರೆ ಒಳ್ಳೆಯ ತನಿಖಾಧಿಕಾರಿ ಒಂದು ಸಲಕ್ಕೆ ಒಂದು ಪ್ರಕರಣ ಬಿಡಿಸುತ್ತಾರೆ. ಒಳ್ಳೆಯ ಶಿಕ್ಷಕರ ಪಾಠ ಒಂದು ತಂಡದೊಂದಿಗೆ ಹತ್ತಾರು ಠಾಣೆ ಸೇರುತ್ತದೆ.

ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ, ಪಿಎಸ್‌ಐಗೆ ಪದವಿ ಬೇಕು, ಬಿ.ಕಾಂ. ಕೂಡ ನಡೆಯುತ್ತದೆ. ಖಾಕಿ ತೊಡುವ ಆಸೆಯಿರುವವರು ಮುಂದೊಂದು ದಿನ ಕಲಿಸುವ ಆಸೆಯನ್ನೂ ಇಟ್ಟುಕೊಳ್ಳಲಿ.