ದೈವಿಕ ಪಠನ: ಓದಿನಿಂದ ಪ್ರಾರ್ಥನೆಗೆ

ಗ್ರಂಥಪಠನದ ಉದ್ದೇಶಗಳು ಹಲವು. ವಿಷಯಸಂಗ್ರಹಕ್ಕಾಗಿ ಓದುವವರುಂಟು, ವಾದಕ್ಕೆ ಪ್ರಮಾಣವನ್ನರಸಿ ಓದುವವರುಂಟು, ಹೊತ್ತು ಕಳೆಯಲೆಂದು ಓದುವವರೂ ಉಂಟು. ಇವೆಲ್ಲವುಗಳಲ್ಲಿ ಓದುಗನು ಗ್ರಂಥವನ್ನು ತನ್ನ ಪ್ರಯೋಜನಕ್ಕೆ ಬಳಸಿಕೊಳ್ಳುತ್ತಾನೆ. ಗ್ರಂಥದ ಮುಂದೆ ತನ್ನನ್ನೇ ಒಪ್ಪಿಸಿಕೊಳ್ಳುವ ಸಾಧಕನ ಓದು ಇವುಗಳಿಂದ ಭಿನ್ನವಾದುದು. ಪಾಶ್ಚಾತ್ಯ ಕ್ರೈಸ್ತ ಮಠಗಳಲ್ಲಿ ಬೆಳೆದುಬಂದ ಇಂತಹ ಓದಿಗೆ ಲ್ಯಾಟಿನ್ ಭಾಷೆಯಲ್ಲಿ ‘ಲೆಕ್ಟಿಯೊ ದಿವೀನಾ’, ಅಂದರೆ ದೈವಿಕ ಪಠನ, ಎಂದು ಹೆಸರು.

ಇಟಲಿಯ ಮೋಂತೆ ಕಸೀನೊ ಗಿರಿಯ ಮೇಲೆ ಮಠವನ್ನು ಸ್ಥಾಪಿಸಿದ ಸಂತ ಬೆನೆಡಿಕ್ಟನು 6ನೆಯ ಶತಮಾನದಲ್ಲಿ ಸನ್ಯಾಸಿಗಳಿಗಾಗಿ ನಿಯಮಗಳನ್ನು ರಚಿಸಿದನು. ಅದರ 48ನೆಯ ಅಧ್ಯಾಯವು ಕೈದುಡಿಮೆಗೂ ದೈವಿಕ ಪಠನಕ್ಕೂ ಪ್ರತ್ಯೇಕ ವೇಳೆಗಳನ್ನು ಗೊತ್ತುಪಡಿಸುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಗ್ರಂಥ ದೊರೆಯಬೇಕು. ಅದನ್ನು ಆತನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಮಧ್ಯಾಹ್ನದ ವಿಶ್ರಾಂತಿಯ ವೇಳೆಯಲ್ಲಿ ಓದಬಯಸುವವನು ಇತರರಿಗೆ ತೊಂದರೆಯಾಗದಂತೆ ಓದಬೇಕೆಂಬ ಸೂಚನೆಯೂ ಅಲ್ಲಿದೆ. ಅಂದಿನ ಓದು ಸಾಮಾನ್ಯವಾಗಿ ನಾಲಗೆಯಿಂದ ನುಡಿದು ಕಿವಿಯಿಂದ ಕೇಳುವ ಓದಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಪದ್ಧತಿಗೆ ಕ್ರಮಬದ್ಧ ನಿರೂಪಣೆಯನ್ನು ಕೊಟ್ಟವನು 12ನೆಯ ಶತಮಾನದ ಎರಡನೆಯ ಗೀಗೊ. ಫ್ರಾನ್ಸಿನ ಕಾರ್ತೂಸಿಯನ್ ಸಂಘದ ಮೂಲಮಠಕ್ಕೆ ಮುಖ್ಯಸ್ಥನಾಗಿದ್ದ ಈತನು ತನ್ನ ಸಹಸಾಧಕನಿಗೆ ಬರೆದ ಪತ್ರವು ‘ಸನ್ಯಾಸಿಗಳ ಏಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಪಠನ, ಮನನ, ಪ್ರಾರ್ಥನೆ, ಧ್ಯಾನಲೀನತೆ ಎಂಬುವು ಆ ಏಣಿಯ ನಾಲ್ಕು ಮೆಟ್ಟಿಲುಗಳು. ಪಠನವು ತುತ್ತನ್ನು ಬಾಯಿಗಿಟ್ಟಂತೆ, ಮನನವು ಅದನ್ನು ಅಗಿದಂತೆ, ಪ್ರಾರ್ಥನೆಯು ರಸವನ್ನು ಪಡೆದಂತೆ, ಧ್ಯಾನಲೀನತೆಯು ಆ ಸವಿಯೇ ತಾನಾದಂತೆ ಎಂಬುದು ಅವನ ವಿವರಣೆಯ ಸಾರ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಬೋಧಿಸುವ ಶ್ರವಣ, ಮನನ, ನಿದಿಧ್ಯಾಸನಗಳು ಇಲ್ಲಿ ನೆನಪಾಗುವುದು ಸಹಜ. ಆದರೆ ಗೀಗೊ ಮನನಕ್ಕೂ ಧ್ಯಾನಲೀನತೆಗೂ ನಡುವೆ ಪ್ರಾರ್ಥನೆಯನ್ನು ಇರಿಸಿದ್ದಾನೆ. ಇದರ ಕಾರಣವನ್ನು ಅವನ ಉದಾಹರಣೆಯಿಂದಲೇ ತಿಳಿಯಬಹುದು. ಶುದ್ಧಹೃದಯರ ಭಾಗ್ಯವನ್ನು ಕುರಿತ ಯೇಸುವಿನ ಚಿಕ್ಕ ಮಾತೊಂದನ್ನು ಅವನು ಎತ್ತಿಕೊಳ್ಳುತ್ತಾನೆ. ಅಲ್ಲಿ ಹೇಳಿರುವುದು ದೇಹದ ಶುದ್ಧಿಯನ್ನಲ್ಲ, ಹೃದಯದ ಶುದ್ಧಿಯನ್ನು ಎಂಬುದು ಮನನದಿಂದ ಹೊಳೆಯುತ್ತದೆ. ಹೊಳೆದ ಕೂಡಲೆ ಅದು ತನ್ನಲ್ಲಿಲ್ಲವೆಂಬ ಅರಿವೂ, ಬರಿಯ ವಿಚಾರದಿಂದ ಅದು ಲಭಿಸದೆಂಬ ಅರಿವೂ ಮೂಡುತ್ತವೆ. ಬುದ್ಧಿ ಕೈಚೆಲ್ಲುವ ಆ ಎಡೆಯಲ್ಲಿ ಬೇಡಿಕೆ ಹುಟ್ಟುತ್ತದೆ, ಅದೇ ಪ್ರಾರ್ಥನೆ. ನಾಲ್ಕನೆಯ ಮೆಟ್ಟಿಲು ಸಾಧಕನ ಸಂಪಾದನೆಯಲ್ಲ, ಅನುಗ್ರಹ.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಶಾಸ್ತ್ರಪಠನದೊಡನೆ ಪ್ರಾರ್ಥನೆಯೂ ಕೂಡಿರಬೇಕೆಂದು ಸಮಸ್ತ ಕ್ರೈಸ್ತರಿಗೂ ಬೋಧಿಸಿತು. ಅಂದಿನಿಂದ ಈ ಓದು ಮಠದ ಗೋಡೆಗಳಾಚೆಯ ಗೃಹಸ್ಥರಲ್ಲಿಯೂ ವಿಶೇಷವಾಗಿ ಹರಡಿದೆ. ಇದನ್ನು ಆಚರಿಸುವ ವಿಧಾನ ಸರಳವಾದುದು. ದಿನವೂ ಒಂದೇ ವೇಳೆಯಲ್ಲಿ ಕುಳಿತು ಕೆಲವೇ ಸಾಲುಗಳನ್ನು ಮೆಲುದನಿಯಲ್ಲಿ ಎರಡು ಮೂರು ಬಾರಿ ಓದಬೇಕು. ಮನಸ್ಸನ್ನು ತಡೆದು ನಿಲ್ಲಿಸಿದ ಮಾತಿನಲ್ಲಿ ನೆಲಸಿ, ಅದು ತನ್ನ ಬಾಳಿಗೆ ಏನನ್ನು ಕೇಳುತ್ತದೆಂದು ವಿಚಾರಿಸಬೇಕು. ಅನಂತರ ಉತ್ತರರೂಪವಾಗಿ ಪ್ರಾರ್ಥಿಸಿ, ಮಾತು ನಿಂತೆಡೆ ಮೌನವಾಗಿರಬೇಕು.

ಇಲ್ಲಿ ಎರಡು ಅಪಾಯಗಳುಂಟು. ಮೊದಲನೆಯದು, ತನಗೆ ಪ್ರಿಯವಾದುದನ್ನೇ ಗ್ರಂಥದ ಬಾಯಿಂದ ಹೇಳಿಸುವುದು. ಪಠನವಿಲ್ಲದ ಮನನವು ದಾರಿತಪ್ಪುವುದೆಂದು ಗೀಗೊ ಎಚ್ಚರಿಸಿದ್ದಾನೆ. ಇಷ್ಟವಾದ ಪುಟಗಳನ್ನು ಆಯದೆ ಗ್ರಂಥವನ್ನು ಅನುಕ್ರಮವಾಗಿ ಓದುವ ಬೆನೆಡಿಕ್ಟನ ನಿಯಮವು ಇದಕ್ಕೆ ತಕ್ಕ ಮದ್ದು. ಎರಡನೆಯದು, ಅನುಭವದ ಆತುರ. ಹಲವು ದಿನ ಮನಸ್ಸು ಒಣಗಿಯೇ ಇದ್ದೀತು. ಯಾವ ಸಾಲೂ ಮಿಡಿಯದಿದ್ದೀತು. ಅಂತಹ ದಿನಗಳಲ್ಲಿ ಗ್ರಂಥವನ್ನು ಮುಚ್ಚಿಟ್ಟವನು ಬಯಸಿದ್ದು ಸವಿಯನ್ನು ಮಾತ್ರ. ಮರುದಿನವೂ ಅದೇ ವೇಳೆಗೆ ಬಂದು ಕುಳಿತವನು ಬಯಸಿದ್ದು ದೇವರನ್ನು. ಓದಿದ ಪುಟಗಳ ಎಣಿಕೆಯಿಂದಲ್ಲ, ಓದುಗನ ನಡೆಯಿಂದಲೇ ಈ ಪಠನದ ಫಲವನ್ನು ಅಳೆಯಬೇಕು.