ಕಲ್ಲಾದ ಮೂಳೆಯನ್ನು ಕಾಪಾಡುವ ಬಗೆ



ಮಣ್ಣು ಪರೀಕ್ಷೆಗೆ ನಮೂನೆ ಕಳುಹಿಸುವಾಗ ಚೀಲದೊಳಗೆ ಒಂದು ಚೀಟಿ ಇಡಬೇಕೆಂದು ನಾವು ಗ್ರಾಮಸೇವಕರು ಹೇಳುತ್ತಲೇ ಇರುತ್ತೇವೆ. ಹೊಲದ ಸರ್ವೆ ನಂಬರು, ರೈತರ ಹೆಸರು, ಹಿಂದಿನ ಬೆಳೆ, ಇವಿಷ್ಟೂ ಅದರಲ್ಲಿರಬೇಕು. ಚೀಟಿ ಕಳೆದುಹೋದರೆ ಆ ಮಣ್ಣು ಯಾರ ಹೊಲದ್ದೆಂದು ಯಾರೂ ಹೇಳಲಾರರು. ಆಮೇಲೆ ಪರೀಕ್ಷೆ ಮಾಡಿದರೂ ಪ್ರಯೋಜನವಿಲ್ಲ. ಪ್ರಾಚೀನ ಕಾಲದ ಕಲ್ಲು, ಮೂಳೆಗಳನ್ನು ಕಾಪಾಡುವ ವಸ್ತುಸಂಗ್ರಹಾಲಯದ ಕೆಲಸವೂ ಇದೇ ನಿಯಮದ ಮೇಲೆ ನಿಂತಿದೆ.

ಮೂಳೆ ಕಲ್ಲಾಗುವುದು ಹೇಗೆ? ಹೊಳೆಯ ದಡದಲ್ಲಿ ಸತ್ತ ಪ್ರಾಣಿಯನ್ನು ರೇವೆ ಮಣ್ಣು ಬೇಗನೆ ಮುಚ್ಚಿದರೆ, ಮಾಂಸ ಕೊಳೆತುಹೋದರೂ ಮೂಳೆ ಉಳಿಯುತ್ತದೆ. ನೀರಿನಲ್ಲಿ ಕರಗಿ ಬಂದ ಖನಿಜಗಳು ಮೂಳೆಯ ಸಣ್ಣ ಸಣ್ಣ ರಂಧ್ರಗಳನ್ನು ತುಂಬುತ್ತವೆ. ಬಹುಕಾಲದ ಮೇಲೆ ಅದು ಆಕಾರದಲ್ಲಿ ಮೂಳೆಯಾಗಿದ್ದರೂ ತೂಕದಲ್ಲಿ ಕಲ್ಲಾಗಿರುತ್ತದೆ. ಇದಕ್ಕೆ ಪಳೆಯುಳಿಕೆ ಎಂದು ಹೆಸರು.

ನಮ್ಮ ದೇಶದ್ದೇ ಒಂದು ಉದಾಹರಣೆ ನೋಡೋಣ. 1828ರಲ್ಲಿ ಮಧ್ಯಪ್ರದೇಶದ ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದ ಬಳಿ ಸ್ಲೀಮನ್ ಎಂಬ ಇಂಗ್ಲಿಷ್ ಅಧಿಕಾರಿಗೆ ಕಲ್ಲಾದ ಮೂಳೆಗಳು ದೊರೆತವು. ಅವು ಕೈಯಿಂದ ಕೈಗೆ ದಾಟಿ ಕೋಲ್ಕತ್ತವನ್ನು ಸೇರಿದವು. 1877ರಲ್ಲಿ ರಿಚರ್ಡ್ ಲಿಡೆಕರ್ ಎಂಬ ವಿದ್ವಾಂಸರು ಅವನ್ನು ಪರಿಶೀಲಿಸಿ, ಆ ಪ್ರಾಣಿಗೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಭಾರತದಲ್ಲಿ ಮೊದಲು ದೊರೆತ ಡೈನೋಸಾರ್ ಇದೇ. ಉದ್ದ ಕತ್ತು, ಉದ್ದ ಬಾಲದ ಈ ಭಾರಿ ಪ್ರಾಣಿ ಸೊಪ್ಪುಸದೆ ತಿಂದು ಬದುಕುತ್ತಿತ್ತು. ಅದರ ಕಾಲ ಸುಮಾರು 7 ಕೋಟಿ ವರ್ಷಗಳ ಹಿಂದಿನದು. ಆಮೇಲೆ ಭೂಮಿ ಬಿರಿದು ಲಾವಾರಸ ಹರಿಯಿತು. ಅದು ಹೆಪ್ಪುಗಟ್ಟಿ ಆದ ಕಪ್ಪು ಕಲ್ಲೇ ನಮ್ಮ ಬೆಳಗಾವಿ, ವಿಜಯಪುರ, ಬೀದರ ಕಡೆಯ ಎರೆಭೂಮಿಯ ಕೆಳಗೂ ಇದೆ.

ಹೊಸ ಹೆಸರಿಗೆ ಆಧಾರವಾದ ಮೂಳೆಯನ್ನು ಮೂಲ ಮಾದರಿ ಎನ್ನುತ್ತಾರೆ. ಅಂಗಡಿಯ ತೂಕದ ಕಲ್ಲುಗಳನ್ನು ಸರ್ಕಾರದ ಪ್ರಮಾಣದ ತೂಕಕ್ಕೆ ಹೋಲಿಸಿ ನೋಡುವಂತೆ, ಬೇರೆಡೆ ದೊರೆತ ಮೂಳೆಗಳನ್ನು ಈ ಮೂಲ ಮಾದರಿಗೆ ಹೋಲಿಸಬೇಕು. ಅರ್ಜೆಂಟೀನ, ಮಡಗಾಸ್ಕರ್‌ಗಳಲ್ಲಿ ಸಿಕ್ಕ ಮೂಳೆಗಳಿಗೂ ಹಿಂದೆ ಟೈಟನೋಸಾರಸ್ ಎಂಬ ಹೆಸರನ್ನೇ ಕೊಟ್ಟಿದ್ದರು. ಅದು ಸರಿಯೋ ತಪ್ಪೋ ಎಂದು ನೋಡಲು ಜಬಲ್ಪುರದ ಮೂಳೆಯೇ ಬೇಕು. ಆದರೆ ಅದು ಬಹಳ ವರ್ಷ ಎಲ್ಲಿದೆಯೆಂದೇ ತಿಳಿಯದೆ ಹೋಯಿತು. ಕಡೆಗೆ 2012ರಲ್ಲಿ ಕೋಲ್ಕತ್ತದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲೇ ಪತ್ತೆಯಾಯಿತು. ಯಾರೂ ಕದ್ದಿರಲಿಲ್ಲ, ಮನೆಯೊಳಗೇ ಇದ್ದು ಕಾಣೆಯಾಗಿತ್ತು. ಹಿಂದಿನವರು ಅದರ ವಿವರವನ್ನೂ ಚಿತ್ರವನ್ನೂ ಅಚ್ಚು ಮಾಡಿಸಿದ್ದರಿಂದ ಗುರುತು ಹಿಡಿಯಲು ಆಧಾರವಿತ್ತು.

ಇಂಥ ನಷ್ಟ ಆಗದಂತೆ ಸಂಗ್ರಹಾಲಯದವರು ಮಾಡುವ ಕೆಲಸಗಳು ಹೀಗಿವೆ:

1. ನೆಲದಿಂದ ಎತ್ತುವ ಮೊದಲು ಪಳೆಯುಳಿಕೆ ಇದ್ದ ಸ್ಥಳವನ್ನೂ ಕಲ್ಲಿನ ಪದರವನ್ನೂ ಬರೆದುಕೊಳ್ಳುತ್ತಾರೆ. ಪದರವೇ ಅದರ ವಯಸ್ಸನ್ನು ಹೇಳುತ್ತದೆ.

2. ಬಿರುಕು ಬಿಟ್ಟ ಮೂಳೆಗೆ ಒದ್ದೆ ಕಾಗದ ಹೊದಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತುತ್ತಾರೆ. ಮುರಿದ ಕೈಗೆ ವೈದ್ಯರು ಕಟ್ಟುವ ಪಟ್ಟಿಯೂ ಇಂಥದೇ.

3. ಸಂಗ್ರಹಾಲಯಕ್ಕೆ ತಂದ ಮೇಲೆ ಸೂಜಿ, ಕುಂಚ, ಸಣ್ಣ ಉಳಿಗಳಿಂದ ಸುತ್ತಲಿನ ಕಲ್ಲನ್ನು ಬಿಡಿಸುತ್ತಾರೆ. ಒಂದು ಮೂಳೆಗೆ ತಿಂಗಳುಗಳೇ ಹಿಡಿಯಬಹುದು. ಬೇಕೆಂದಾಗ ಕರಗಿಸಿ ತೆಗೆಯಬಹುದಾದ ಅಂಟನ್ನೇ ಹಚ್ಚುತ್ತಾರೆ.

4. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ವಸ್ತುವಿನ ಮೇಲೆ, ಚೀಟಿಯ ಮೇಲೆ, ರಿಜಿಸ್ಟರಿನಲ್ಲಿ, ಹೀಗೆ ಮೂರು ಕಡೆ ಇರುತ್ತದೆ. ಈಗ ಕಂಪ್ಯೂಟರಿನಲ್ಲೂ ಬರೆದಿಡುತ್ತಾರೆ. ಪೆಟ್ಟಿಗೆ ಜಾಗ ಬದಲಿಸಿದರೆ ಅದನ್ನೂ ದಾಖಲೆ ಮಾಡಬೇಕು.

5. ಕೆಲವು ಪಳೆಯುಳಿಕೆಗಳಲ್ಲಿ ಕಬ್ಬಿಣ, ಗಂಧಕ ಕೂಡಿದ ಖನಿಜವಿರುತ್ತದೆ. ತೇವದ ಗಾಳಿ ತಗುಲಿದರೆ ಅದರಿಂದ ಆಮ್ಲ ಹುಟ್ಟಿ, ಕಲ್ಲು ಪುಡಿಯಾಗುತ್ತದೆ, ಚೀಟಿಯೂ ಸುಟ್ಟಂತಾಗುತ್ತದೆ. ಆದ್ದರಿಂದ ಬಿತ್ತನೆ ಬೀಜದಂತೆ ಇವನ್ನೂ ತೇವ ತಾಗದಂತೆ ಇಡಬೇಕು.

ಪ್ರದರ್ಶನಕ್ಕೆ ಇಡುವುದು ಸಂಗ್ರಹದಲ್ಲಿ ಅಲ್ಪ ಭಾಗ ಮಾತ್ರ. ಉಳಿದದ್ದು ಅರೆಗಳಲ್ಲಿರುತ್ತದೆ. ಅದು ಮೂಲೆಗೆ ಬಿದ್ದ ಸಾಮಾನಲ್ಲ. ಇಂದು ತಿಳಿಯದ ಸಂಗತಿಯನ್ನು ನಾಳಿನವರು ಹೊಸ ಉಪಕರಣದಿಂದ ಅದೇ ಮೂಳೆಯಲ್ಲಿ ಕಂಡುಕೊಳ್ಳಬಹುದು.

ಇದರಲ್ಲಿ ನಮ್ಮ ಪಾಲೂ ಇದೆ. ಬಾವಿ ತೋಡುವಾಗ, ಕೃಷಿಹೊಂಡ ತೆಗೆಯುವಾಗ ಮೂಳೆಯಂಥ ಕಲ್ಲಾಗಲಿ, ಚಿಪ್ಪು ಅಥವಾ ಎಲೆಯ ಅಚ್ಚುಳ್ಳ ಕಲ್ಲಾಗಲಿ ಕಂಡರೆ ಒಡೆಯಬೇಡಿ, ತಿಕ್ಕಿ ತೊಳೆಯಬೇಡಿ, ಹಂಚಿಕೊಳ್ಳಬೇಡಿ. ಇದ್ದಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಸರ್ವೆ ನಂಬರು, ಆಳ, ತಾರೀಖು ಬರೆದಿಡಿ. ಶಾಲೆಯ ಉಪಾಧ್ಯಾಯರಿಗೋ ಗ್ರಾಮ ಪಂಚಾಯಿತಿಗೋ ತಿಳಿಸಿ, ಅವರ ಮೂಲಕ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸುದ್ದಿ ಮುಟ್ಟಿಸಿ. ಎಷ್ಟೋ ಸಲ ಅದು ಬರಿಯ ಕಲ್ಲೇ ಆಗಿರಬಹುದು. ಕೇಳಿದ್ದರಿಂದ ನಷ್ಟವೇನೂ ಇಲ್ಲ. ಆದರೆ ಸಿಕ್ಕ ಜಾಗದ ಗುರುತು ಒಮ್ಮೆ ಅಳಿಸಿಹೋದರೆ, ಎಂಥ ವಿದ್ವಾಂಸರೂ ಅದನ್ನು ಮತ್ತೆ ತಂದುಕೊಡಲಾರರು.