ಹೆಣವಿಲ್ಲದೆ ಡಾಕ್ಟರಾಗಬಹುದೆ?

ಮೈಸೂರು: ಬೆಳಿಗ್ಗೆ ಒಂಬತ್ತರ ಹೊತ್ತಿಗೆ ದೇವರಾಜ ಮೊಹಲ್ಲಾದ ಇರ್ವಿನ್ ರಸ್ತೆಯಲ್ಲಿ ನಿಂತು ನೋಡಿ. ದೊಡ್ಡಾಸ್ಪತ್ರೆಗೆ ಹೋಗುವ ರೋಗಿಗಳು, ಟಿಫನ್ ಕ್ಯಾರಿಯರ್ ಹಿಡಿದ ನೆಂಟರು, ಅವರ ನಡುವೆ ಬಿಳಿ ಕೋಟಿನ ಹುಡುಗ ಹುಡುಗಿಯರು. ಕೋಟು ಹೊಸದು, ಚೀಲ ಭಾರ, ಕಣ್ಣಲ್ಲಿ ನಿದ್ದೆ. ಇಷ್ಟಿದ್ದರೆ ಎಂಬಿಬಿಎಸ್ ಮೊದಲ ವರ್ಷ ಅಂತ ಧೈರ್ಯವಾಗಿ ಹೇಳಬಹುದು. ಇನ್ನು ಹತ್ತು ವರ್ಷಕ್ಕೆ ಊರವರ ಹೊಟ್ಟೆ ಕೊಯ್ಯುವವರು ಇವರೇ. ಹಾಗಾಗಿ ಇವರು ಯಾವುದರ ಮೇಲೆ ಕೈ ಇಟ್ಟು ಕಲಿಯುತ್ತಾರೆ ಎಂಬುದು ಅವರ ಕಾಲೇಜಿನ ವಿಚಾರ ಮಾತ್ರವಲ್ಲ. ಗಲ್ಲಾ ಮೇಲೆ ಕೂತವರ, ಬಸ್ಸಿಗೆ ಕಾದವರ ವಿಚಾರವೂ ಹೌದು.

ಈಗ ಎಲ್ಲ ಕಡೆ ಒಂದು ಮಾತು ಓಡಾಡುತ್ತಿದೆ. ಕಂಪ್ಯೂಟರ್ ಬಂದಿದೆ, ಬೆರಳು ತಾಗಿಸಿದರೆ ಮನುಷ್ಯನ ಒಳಗೆಲ್ಲಾ ಕಾಣುತ್ತದೆ, ಇನ್ನು ಹೆಣ ಕೊಯ್ಯೋದು ಯಾಕೆ ಅಂತ. ಕೇಳಲು ಸರಳ ಪ್ರಶ್ನೆ. ಉತ್ತರ ಅಷ್ಟು ಸರಳವಿಲ್ಲ.

ನೂರು ದಾಟಿದ ಕಾಲೇಜು

ಮೈಸೂರು ಮೆಡಿಕಲ್ ಕಾಲೇಜು ಹುಟ್ಟಿದ್ದು 1924ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಶುರುವಾದದ್ದು ಬೆಂಗಳೂರಿನಲ್ಲಿ, ಮೈಸೂರಿಗೆ ಬಂದದ್ದು 1930ರಲ್ಲಿ. ಕೃಷ್ಣರಾಜೇಂದ್ರ ಆಸ್ಪತ್ರೆ ಅದರ ಪಾಠದ ಆಸ್ಪತ್ರೆ. ಜನರ ಬಾಯಲ್ಲಿ ಅದು ಇವತ್ತಿಗೂ ದೊಡ್ಡಾಸ್ಪತ್ರೆಯೇ. ನೂರು ವರ್ಷದಲ್ಲಿ ಏನೇನೋ ಬದಲಾಯಿತು, ಮೊದಲ ವರ್ಷದ ಹುಡುಗರ ಭಯ ಮಾತ್ರ ಬದಲಾಗಲಿಲ್ಲ. ಆ ಭಯದ ಹೆಸರು ಅನಾಟಮಿ. ಕನ್ನಡದಲ್ಲಿ ಅಂಗರಚನಾಶಾಸ್ತ್ರ.

206 ಮೂಳೆ. ಅದರ ಮೇಲೆ ಅಂಟಿಕೊಂಡ ನೂರಾರು ಸ್ನಾಯು. ನಡುವೆ ಓಡುವ ರಕ್ತನಾಳ, ನರ. ಎಲ್ಲಕ್ಕೂ ಲ್ಯಾಟಿನ್, ಗ್ರೀಕ್ ಮೂಲದ ಹೆಸರು. ಹಿಂದೆ ಇದನ್ನು ಓದಲು ಒಂದೂವರೆ ವರ್ಷ ಸಿಗುತ್ತಿತ್ತು. 1997ರ ನಿಯಮ ಬಂದಾಗ ಮೊದಲ ಹಂತ ಒಂದು ವರ್ಷಕ್ಕೆ ಇಳಿಯಿತು. ಆಮೇಲೆ ಒಂದೆರಡು ತಿಂಗಳು ಹೆಚ್ಚುಕಮ್ಮಿ ಆದದ್ದುಂಟು, ಹಳೇ ಕಾಲದ ಪುರುಸೊತ್ತು ಮಾತ್ರ ಮರಳಿ ಬರಲಿಲ್ಲ. ಪಾಠ ಕಡಿಮೆಯಾಗಲಿಲ್ಲ, ಹೊತ್ತು ಕಡಿಮೆಯಾಯಿತು.

ಹಳೇ ತಲೆಯ ಡಾಕ್ಟರುಗಳಿಗೆ ಬೋನ್ ಸೆಟ್ಟು ನೆನಪಿರುತ್ತದೆ. ಸೀನಿಯರ್ ಕೈಯಿಂದ ಜೂನಿಯರ್ ಕೈಗೆ ದಾಟುತ್ತಿದ್ದ ನಿಜವಾದ ಮನುಷ್ಯನ ಮೂಳೆಗಳ ಗಂಟು. ಹಾಸ್ಟೆಲ್ಲಿನ ಮಂಚದ ಕೆಳಗೆ ಟ್ರಂಕಿನಲ್ಲಿ ತಲೆಬುರುಡೆ, ಮೇಲೆ ಮಲಗಿದವನಿಗೆ ನಿದ್ದೆ! ಒಂದು ಕಾಲಕ್ಕೆ ಭಾರತದಿಂದ ಪರದೇಶಕ್ಕೂ ಅಸ್ಥಿಪಂಜರ ರಫ್ತಾಗುತ್ತಿತ್ತು. ಸರ್ಕಾರ 1985ರಲ್ಲಿ ಅದನ್ನು ನಿಲ್ಲಿಸಿತು. ಈಗ ಪ್ಲಾಸ್ಟಿಕ್ ಮೂಳೆ ಧಾರಾಳ.

ಗಾಜಿನ ಮೇಜು

ಹೊಸ ಯಂತ್ರ ಹೇಗಿದೆ? ಮನುಷ್ಯ ಅಂಗಾತ ಮಲಗುವಷ್ಟು ಉದ್ದದ ಮೇಜು. ಮೇಲೆಲ್ಲ ಗಾಜಿನ ಪರದೆ. ಅದರೊಳಗೆ ಆಳೆತ್ತರದ ದೇಹ. ಬೆರಳಿಂದ ಸವರಿದರೆ ಚರ್ಮ ಹೋಗುತ್ತದೆ, ಇನ್ನೊಮ್ಮೆ ಸವರಿದರೆ ಸ್ನಾಯು ಹೋಗುತ್ತದೆ, ಕೊನೆಗೆ ಮೂಳೆ ನಿಲ್ಲುತ್ತದೆ. ಗೀರು ಎಳೆದರೆ ದೇಹ ಎರಡು ಹೋಳು. ತಪ್ಪಾಯಿತೆ? ಒಂದು ಗುಂಡಿ ಒತ್ತಿ, ಮತ್ತೆ ಇಡೀ ದೇಹ ರೆಡಿ. ಅಮೆರಿಕದಲ್ಲಿ 2011ರ ಸುಮಾರಿಗೆ ಮಾರುಕಟ್ಟೆಗೆ ಬಂದ ಇಂಥ ಮೇಜು ಈಗ ರಾಜ್ಯದ ಕೆಲವು ವೈದ್ಯಕೀಯ ಕಾಲೇಜುಗಳಿಗೂ ಬಂದಿದೆ. ಮೇಜು ಇಲ್ಲದ ಕಡೆ ಮೊಬೈಲೇ ಮೇಜು. ಆ್ಯಪ್ ಹಾಕಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತು ಹೃದಯವನ್ನು ತಿರುಗಿಸಿ ತಿರುಗಿಸಿ ನೋಡುವ ಮಕ್ಕಳಿದ್ದಾರೆ.

ಇದರ ಲಾಭ ಸುಳ್ಳಲ್ಲ. ಹೆಣದಲ್ಲಿ ಒಂದು ನರ ಕತ್ತರಿಸಿ ಹೋದರೆ ಹೋಯಿತು, ಪರದೆಯಲ್ಲಿ ನೂರು ಸಲ ಕತ್ತರಿಸಬಹುದು. ಹೆಣದ ಹೃದಯ ಮಿಡಿಯುವುದಿಲ್ಲ, ಪರದೆಯದು ಮಿಡಿಯುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವ ಕಪ್ಪು-ಬಿಳುಪು ಚಿತ್ರವನ್ನೂ ಒಳಗಿನ ಅಂಗವನ್ನೂ ಅಕ್ಕಪಕ್ಕ ಇಟ್ಟು ತೋರಿಸಬಹುದು. ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್ ಇದೆಯಲ್ಲ, ಅದರ ಘಾಟು ಕಣ್ಣಲ್ಲಿ ನೀರು ತರಿಸುತ್ತದೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಪರದೆಗೆ ಆ ಕಾಟವಿಲ್ಲ. 2020ರ ಮಾರ್ಚಿಯಲ್ಲಿ ಕೊರೊನಾ ಲಾಕ್‌ಡೌನ್ ಆಗಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ಅನಾಟಮಿ ಪಾಠ ಮುಂದುವರಿದದ್ದೇ ಈ ಪರದೆಗಳಿಂದ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗಿಗೆ ಬಾಯಿಗೆ ಬಾರದ ಹೆಸರುಗಳನ್ನು ರಾತ್ರಿ ರೂಮಿನಲ್ಲಿ ಹತ್ತು ಸಲ ನೋಡಿ, ಕೇಳಿ, ಗಟ್ಟಿ ಮಾಡಿಕೊಳ್ಳುವ ಅನುಕೂಲವೂ ಇದೆ.

ಹಾಗಾದರೆ ಹೆಣ ಬೇಡವೆ? ನಿಧಾನ ಸ್ವಾಮೀ, ಆ ಗಾಜಿನೊಳಗೆ ಮಲಗಿರುವವನು ಯಾರು ಅಂತ ಮೊದಲು ಕೇಳಬೇಕು.

ಪರದೆಯೊಳಗಿನ ಮನುಷ್ಯ

ಅವನೇನು ಚಿತ್ರಕಾರನ ಕಲ್ಪನೆಯಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಜೋಸೆಫ್ ಪಾಲ್ ಜರ್ನಿಗನ್ ಎಂಬ ಕೈದಿ ಇದ್ದ. ಕೊಲೆ ಅಪರಾಧ. 1993ರ ಆಗಸ್ಟಿನಲ್ಲಿ ಇಂಜೆಕ್ಷನ್ ಕೊಟ್ಟು ಅವನಿಗೆ ಮರಣದಂಡನೆ ಜಾರಿ ಮಾಡಿದರು. ಸಾಯುವ ಮುಂಚೆ ಅವನು ತನ್ನ ದೇಹವನ್ನು ವಿಜ್ಞಾನಕ್ಕೆ ಬರೆದುಕೊಟ್ಟಿದ್ದ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆ ದೇಹವನ್ನು ಹಿಮಗಟ್ಟಿಸಿ, ತಲೆಯಿಂದ ಕಾಲಿನವರೆಗೆ ಮಿಲಿಮೀಟರ್ ಮಿಲಿಮೀಟರ್ ಹೆರೆಯುತ್ತಾ ಪ್ರತಿ ಪದರದ ಫೋಟೋ ತೆಗೆದರು. ಒಟ್ಟು 1,871 ಪದರ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಅದನ್ನು ಜಗತ್ತಿಗೆ ಬಿಡುಗಡೆ ಮಾಡಿತು. ಮರುವರ್ಷ ಹೆಸರು ಹೇಳದ ಒಬ್ಬ ಹೆಂಗಸಿನ ದೇಹ. ಅದನ್ನು ಇನ್ನೂ ತೆಳ್ಳಗೆ, 5,000ಕ್ಕೂ ಮೇಲ್ಪಟ್ಟು ಪದರಗಳಾಗಿ ಹೆರೆದರು. ಆಮೇಲೆ ಬಂದ ಎಷ್ಟೋ ಡಿಜಿಟಲ್ ದೇಹಗಳಿಗೆ ಇವರಿಬ್ಬರೇ ಮೂಲ.

ಇದರಲ್ಲೊಂದು ತಮಾಷೆಯೂ ಉಂಟು. ಜರ್ನಿಗನ್‌ಗೆ ಮುಂಚೆಯೇ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಅಂದರೆ ಜಗತ್ತಿಗೇ ಅನಾಟಮಿ ಕಲಿಸಲು ಹೊರಟ ಮೊದಲ ಡಿಜಿಟಲ್ ಮನುಷ್ಯನಿಗೆ ಅಪೆಂಡಿಕ್ಸೇ ಇರಲಿಲ್ಲ!

ತಮಾಷೆಯ ಒಳಗೆ ಪಾಠವಿದೆ. ಪರದೆ ತೋರಿಸುವುದು ಒಬ್ಬರನ್ನು, ಇಬ್ಬರನ್ನು, ಹೆಚ್ಚೆಂದರೆ ಕೆಲವರನ್ನು. ದೊಡ್ಡಾಸ್ಪತ್ರೆಯ ಬಾಗಿಲಿಗೆ ಬರುವವರು ಸಾವಿರ ಥರ. ಪುಸ್ತಕದ ಪ್ರಕಾರ ಒಂದು ಮೂತ್ರಪಿಂಡಕ್ಕೆ ಒಂದು ಶುದ್ಧರಕ್ತನಾಳ. ಆದರೆ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಇರುತ್ತದೆ. ಗೊತ್ತಿಲ್ಲದೆ ಕತ್ತರಿ ಆಡಿಸಿದರೆ ರಕ್ತದ ಕೋಡಿ. ಪ್ರತಿ ಮೇಜಿನ ಮೇಲೂ ಬೇರೆ ದೇಹ ಕಂಡ ವಿದ್ಯಾರ್ಥಿಗೆ ಇದು ಮೊದಲ ವರ್ಷವೇ ತಲೆಗೆ ಹೋಗುತ್ತದೆ: ಒಬ್ಬರಿದ್ದಂತೆ ಇನ್ನೊಬ್ಬರಿಲ್ಲ.

ಇನ್ನೊಂದು, ಕೈಯ ವಿಚಾರ. ದೇವರಾಜ ಮಾರುಕಟ್ಟೆಯ ನಕ್ಷೆ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಯಾವ ಸಾಲಲ್ಲಿ ಮಲ್ಲಿಗೆ, ಯಾವ ಸಂದಿಯಲ್ಲಿ ಅರಿಶಿನ ಕುಂಕುಮ, ಎಲ್ಲಿ ಕಾಲು ಜಾರುತ್ತದೆ, ಅದು ನಡೆದವನಿಗೇ ಗೊತ್ತು. ಟೈಲರ್ ಬಟ್ಟೆ ಕತ್ತರಿಸದೆ ಟೈಲರ್ ಆಗುವುದಿಲ್ಲ. ಗಾಜು ಎಲ್ಲಿ ಮುಟ್ಟಿದರೂ ಗಾಜೇ. ನರ ದಾರದಂತೆ ಗಟ್ಟಿ, ರಕ್ತನಾಳ ರಬ್ಬರಿನಂತೆ ಟೊಳ್ಳು ಅಂತ ಬೆರಳಿಗೆ ತಿಳಿಯಬೇಕಾದರೆ ಬೆರಳು ಅಲ್ಲಿಗೆ ಹೋಗಬೇಕು.

ಲಾವಂಚದ ಕುಂಚ

ಈ ಮಾತು ಹೊಸದಲ್ಲ. ಆಯುರ್ವೇದ ಕಾಲೇಜು ವೃತ್ತದಲ್ಲಿ 1908ರಷ್ಟು ಹಳೆಯ ಸಂಸ್ಥೆ ಇದೆ. ಅಲ್ಲಿನ ವಿದ್ಯಾರ್ಥಿಗಳು ಓದುವ ಸುಶ್ರುತ ಸಂಹಿತೆಯಲ್ಲೇ ದೇಹ ನೋಡುವ ಕ್ರಮ ಹೇಳಿದೆ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಡಬೇಕು. ಆಮೇಲೆ ಲಾವಂಚ, ಕೂದಲು, ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಒಳಗಿನವರೆಗೆ ಒಂದೊಂದೇ ಪದರ ಕಣ್ಣಾರೆ ನೋಡಬೇಕು. ಗಾಜಿನ ಮೇಜಿನಲ್ಲಿ ಬೆರಳಾಡಿಸಿ ಪದರ ಬಿಡಿಸುವುದು ಇದೇ ಕೆಲಸ. ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯಲ್ಲಿ ಇವತ್ತಿಗೂ ಲಾವಂಚ ಸಿಗುತ್ತದೆ!

ನಡುವೆ ಶತಮಾನಗಟ್ಟಲೆ ಮಡಿ ಮೈಲಿಗೆ ಅಡ್ಡ ಬಂತು. 1836ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಕತ್ತಿ ಹಿಡಿದು ಶವಚ್ಛೇದ ಮಾಡಿದಾಗ ಅದೇ ದೊಡ್ಡ ಸುದ್ದಿ.

ಯಾರ ಹೆಣ?

ಮೇಜಿನ ಮೇಲೆ ಮಲಗಿದವರು ಯಾರು ಎಂಬ ಪ್ರಶ್ನೆ ಇಲ್ಲಿಗೂ ಬರುತ್ತದೆ. ರಾಜ್ಯದಲ್ಲಿ 1957ರ ಅನಾಟಮಿ ಕಾಯಿದೆ ಇದೆ. ವಾರಸುದಾರರು ಬಾರದ ಶವವನ್ನು ಕ್ರಮಪ್ರಕಾರ ವೈದ್ಯಕೀಯ ಕಾಲೇಜಿಗೆ ಕೊಡಲು ಅದು ದಾರಿ ಮಾಡಿದೆ. ಬಿಡಿಸಿ ಹೇಳುವುದಾದರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸತ್ತವನು, ಫುಟ್‌ಪಾತಿನವಳು, ಊರು ಬಿಟ್ಟು ಬಂದು ವಾರ್ಡಿನಲ್ಲಿ ಒಬ್ಬನೇ ಕಣ್ಣು ಮುಚ್ಚಿದವನು. ಬದುಕಿದ್ದಾಗ ಯಾರೂ ಒಂದು ಲೋಟ ಟೀ ಕೊಡಲಿಲ್ಲ. ಸತ್ತ ಮೇಲೆ ಅವನು ಡಾಕ್ಟರುಗಳಿಗೆ ಮೇಷ್ಟ್ರು. ಅವನನ್ನು ಯಾರೂ ಒಪ್ಪಿಗೆ ಕೇಳಲಿಲ್ಲ.

ಒಪ್ಪಿ ಕೊಡುವವರೂ ಇದ್ದಾರೆ. 2010ರ ಜನವರಿಯಲ್ಲಿ ತೀರಿಕೊಂಡ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ಅವರ ದೇಹ ಕಲ್ಕತ್ತಾದ ಆಸ್ಪತ್ರೆಗೆ ಹೋಯಿತು. ಮರು ತಿಂಗಳೇ ತೀರಿಕೊಂಡ ಜನಸಂಘದ ನಾನಾಜಿ ದೇಶಮುಖ್ ಅವರ ದೇಹ ದಿಲ್ಲಿಯ ಏಮ್ಸ್‌ಗೆ ಹೋಯಿತು. ಜೀವಮಾನವೆಲ್ಲ ಎದುರುಬದುರು ನಿಂತವರು ಈ ಒಂದು ಮಾತಿನಲ್ಲಿ ಒಂದೇ ಕಡೆ. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿಯ ಆಯುರ್ವೇದ ವೈದ್ಯ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ತಂದೆಯೂ ವೈದ್ಯರೇ. ಹೀಗಾಗಬೇಕು ಅಂತ ಅವರೇ ಬರೆದಿಟ್ಟು ಹೋಗಿದ್ದರು. ಬೆನ್ನೆಲುಬು ಕೊಟ್ಟ ದಧೀಚಿಯ ಕಥೆ ಹರಿಕಥೆಯಲ್ಲಿ ಕೇಳಿ ಚಪ್ಪಾಳೆ ತಟ್ಟುವ ಜನಕ್ಕೆ ಇದು ಹರಿಕಥೆಯಲ್ಲ, ನಡೆದದ್ದು.

ಕೊಡಬೇಕೆಂದರೆ ದಾರಿ ಕಷ್ಟದ್ದಲ್ಲ. ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರಂ ಸಿಗುತ್ತದೆ. ತುಂಬಿ, ಸಾಕ್ಷಿ ಹಾಕಿಸಿ ಕೊಡಬೇಕು. ಅದಕ್ಕಿಂತ ಮುಖ್ಯ, ಮನೆಯವರಿಗೆ ಬಾಯಿಬಿಟ್ಟು ಹೇಳಿರಬೇಕು. ಸತ್ತವರು ಎದ್ದು ಬಂದು ಫಾರಂ ತೋರಿಸಲಾಗುವುದಿಲ್ಲ, ಕೊನೆಗೆ ದೇಹ ಒಪ್ಪಿಸುವವರು ಮಕ್ಕಳೇ. ಅಪಘಾತ, ಆತ್ಮಹತ್ಯೆಯಾಗಿ ಪೋಸ್ಟ್‌ಮಾರ್ಟಂ ಆದ ದೇಹವನ್ನು, ಕೆಲವು ಅಂಟುರೋಗದವರ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಬೇರೆ ದಾನ ಮಾಡುವುದಾದರೆ ಆರು ಗಂಟೆಯೊಳಗೆ ತಿಳಿಸಬೇಕು.

ಅಡ್ಡ ಬರುವುದು ಫಾರಂ ಅಲ್ಲ, ಮನಸ್ಸು. ಹನ್ನೊಂದನೆಯ ದಿನ ಏನು ಮಾಡೋದು, ನೆಂಟರು ಏನಂದಾರು, ಹುಡುಗರು ಹೆಣದ ಮುಂದೆ ನಗುತ್ತಾರೇನೋ ಎಂಬ ಅಳುಕು. ಅಳುಕು ಸುಳ್ಳಲ್ಲ. ಅದಕ್ಕೇ ಈಗ ಅನೇಕ ಕಾಲೇಜುಗಳಲ್ಲಿ ಮೊದಲ ದಿನ ವಿದ್ಯಾರ್ಥಿಗಳು ದೇಹದ ಮುಂದೆ ಪ್ರಮಾಣ ಮಾಡುತ್ತಾರೆ: ಇದು ಬರೀ ಹೆಣವಲ್ಲ, ಮೊದಲ ಗುರು, ಗೌರವದಿಂದ ಕಾಣುತ್ತೇವೆ ಅಂತ. ಗಾಜಿನ ಮುಂದೆ ಯಾರೂ ತಲೆ ತಗ್ಗಿಸುವುದಿಲ್ಲ. ದೇಹದ ಮುಂದೆ ತಗ್ಗಿಸಿದ ತಲೆ ನಾಳೆ ವಾರ್ಡಿನಲ್ಲಿ ಬಡ ರೋಗಿಯ ಹಾಸಿಗೆಯ ಮುಂದೆಯೂ ಸ್ವಲ್ಪ ತಗ್ಗುತ್ತದೆ ಎಂಬುದು ಆಸೆ.

ಹಾಗಂತ ಪರದೆ ಬೇಡ ಅನ್ನುವುದು ಹುಚ್ಚುತನ. ಪರದೆಯಲ್ಲಿ ದಾರಿ ನೋಡಿಕೊಂಡು ದೇಹದಲ್ಲಿ ನಡೆದರೆ ಸಿಕ್ಕ ಒಂದೊಂದು ದೇಹದಿಂದಲೂ ಹತ್ತರಷ್ಟು ಕಲಿಯಬಹುದು. ದುಡ್ಡಿದ್ದ ಕಾಲೇಜಿಗೆ ಮೇಜು, ಸರ್ಕಾರಿ ಕಾಲೇಜಿಗೆ ಬರೀ ಮಾತು ಎಂದಾಗಬಾರದು. ಬಡವರ ಮೈ ಮುಟ್ಟುವ ಡಾಕ್ಟರು ತಯಾರಾಗುವುದು ಸರ್ಕಾರಿ ಕಾಲೇಜಿನಲ್ಲೇ. ಸಂಬಂಧಪಟ್ಟವರು ಇದನ್ನು ಗಮನಿಸಬೇಕು.

ಆದರೆ ಮೇಜನ್ನು ಸರ್ಕಾರ ಕೊಡಬಹುದು, ದೇಹವನ್ನು ಕೊಡಲಾರದು. ಗಾಜಿನೊಳಗಿರುವುದೂ ಯಾರೋ ಬರೆದುಕೊಟ್ಟ ದೇಹವೇ. ಟೆಕ್ಸಾಸಿನ ಕೊಲೆಗಾರನೊಬ್ಬ ಕೊಟ್ಟ. ಬಸ್ ಸ್ಟ್ಯಾಂಡಿನ ಅನಾಥ ಕೇಳದೆಯೇ ಕೊಟ್ಟ. ಮನೆ ಮಠ, ಮಕ್ಕಳು ಮರಿ ಇರುವವರ ಸರದಿ ಯಾವಾಗ?